ದೊಡ್ಡ ಸಂಖ್ಯೆಗೆ ಹೆದರಬೇಡಿ

ನಿಮಗೊಂದು ಪ್ರಶ್ನೆ ಕೇಳುತ್ತೇನೆ. ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಡಬೇಡಿ. 50 ಏಳುಗಳನ್ನು ಸಾಲಾಗಿ ಬರೆದು ಒಂದರಿಂದ ಒಂದನ್ನು ಗುಣಿಸುತ್ತಾ ಹೋದರೆ ಕೊನೆಗೆ ಬರುವ ಸಂಖ್ಯೆಯ ಕೊನೆಯ ಅಂಕಿ ಯಾವುದು?

"ಅಯ್ಯೋ, ಇದೆಲ್ಲಾ ನಮಗ್ಯಾಕೆ?" ಎನ್ನುತ್ತೀರಿ. ನಿಮಗಲ್ಲದಿರಬಹುದು, ನಿಮ್ಮ ಮನೆಯಲ್ಲಿ ಎಂಟನೇ ತರಗತಿಯಲ್ಲಿ ಓದುತ್ತಿರುವ ಮಗುವಿಗೆ ಬೇಕು. ಎನ್‌ಎಂಎಂಎಸ್ ಎಂಬ ಹೆಸರನ್ನು ಕೇಳಿರಬಹುದು. ಕೇಂದ್ರ ಸರಕಾರ 2008ರಲ್ಲಿ ಆರಂಭಿಸಿದ, ಆದಾಯ ಮತ್ತು ಪ್ರತಿಭೆ ಎರಡನ್ನೂ ನೋಡಿ ಕೊಡುವ ವಿದ್ಯಾರ್ಥಿವೇತನವಿದು. ಸರಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಎಂಟನೇ ತರಗತಿ ಓದುವ, ಹೆತ್ತವರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದ ಮಕ್ಕಳು ಪರೀಕ್ಷೆ ಬರೆಯಬಹುದು. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಕೂಲಿ ಮಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಅದರಲ್ಲೂ "ಎಂಟನೆಯದು ಮುಗಿಯಲಿ, ಆಮೇಲೆ ನೋಡೋಣ" ಎಂದು ಮಗಳ ವಿಷಯದಲ್ಲಿ ಮಾತನಾಡುವ ಮನೆಗಳಲ್ಲಿ ಈ ಹಣಕ್ಕೆ ಹಣಕ್ಕಿಂತ ಹೆಚ್ಚಿನ ಬೆಲೆಯಿದೆ.

ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಒಂದು ಬುದ್ಧಿಶಕ್ತಿಯದ್ದು, ಇನ್ನೊಂದು ಪಾಠದ ವಿಷಯಗಳದ್ದು. ತಲಾ 90 ಪ್ರಶ್ನೆ, ತಲಾ 90 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ! ಐವತ್ತು ಏಳುಗಳನ್ನು ಗುಣಿಸಿದರೆ ಬರುವ ಸಂಖ್ಯೆಯಲ್ಲಿ 43 ಅಂಕಿಗಳಿವೆ. ಒಂದು ನಿಮಿಷದಲ್ಲಿ ಯಾರಿಂದ ಸಾಧ್ಯ? ಮಗು ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಮನಸ್ಸಿನಲ್ಲಿ "ಇದು ನನ್ನಂಥವರಿಗಲ್ಲ" ಎಂದುಕೊಳ್ಳುತ್ತದೆ. ಲೆಕ್ಕ ತಪ್ಪಿದರೆ ಒಂದು ಅಂಕ ಹೋಗುತ್ತದೆ, ಅಷ್ಟೇ. ಆದರೆ ಈ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟರೆ ಶಾಲೆಯೇ ಹೋಗುತ್ತದೆ.

ನಾನು ಗಣಿತದ ಪದವೀಧರನಲ್ಲ. ಓದಿದ್ದು ಮದ್ರಸಾದಲ್ಲಿ, ಆಮೇಲೆ ಬಿ.ಎ. ಗುಂಡ್ಲುಪೇಟೆಯಲ್ಲಿ ಮಗ್ರಿಬ್ ನಂತರ ಮಕ್ಕಳಿಗೆ ಪಾಠ ಹೇಳುತ್ತೇನೆ. ಭಾನುವಾರಗಳಲ್ಲಿ ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿನ ಮಕ್ಕಳ ಜೊತೆ ಕೂರುತ್ತೇನೆ. ಈ ಮಕ್ಕಳ ಹೆತ್ತವರಲ್ಲಿ ಚೆಂಡು ಹೂವಿನ ಹೊಲದಲ್ಲಿ ದುಡಿಯುವವರಿದ್ದಾರೆ, ಗೂಡ್ಸ್ ಆಟೋ ಓಡಿಸುವವರಿದ್ದಾರೆ, ಗಾರೆ ಕೆಲಸದವರಿದ್ದಾರೆ, ಮನೆಯಲ್ಲೇ ಹೊಲಿಗೆ ಯಂತ್ರ ತುಳಿಯುವ ತಾಯಂದಿರಿದ್ದಾರೆ. ಕೆಲವು ಮಕ್ಕಳು ಕನ್ನಡ ಶಾಲೆಯವರು, ಕೆಲವರು ಉರ್ದು ಶಾಲೆಯವರು. ಒಬ್ಬನಿಗೆ 'ಘಾತಸೂಚಿ' ಎಂದರೆ ತಿಳಿಯುತ್ತದೆ, ಇನ್ನೊಬ್ಬಳಿಗೆ 'ಕುವ್ವತ್ ನುಮಾ' ಎಂದರೆ ಮಾತ್ರ ತಿಳಿಯುತ್ತದೆ. ಎರಡೂ ಒಂದೇ ಎಂದು ಹೇಳಿದ ಮೇಲೆ ಇಬ್ಬರೂ ನಗುತ್ತಾರೆ. ಸಂಖ್ಯೆಯ ತಲೆಯ ಮೇಲೆ ಕುಳಿತ ಆ ಪುಟ್ಟ ಅಂಕಿ "ನನ್ನಷ್ಟು ಸಲ ಇವನನ್ನು ಬರೆದು ಗುಣಿಸು" ಎಂದು ಹೇಳುತ್ತದೆ. ಬೇರೇನೂ ಅಲ್ಲ.

ಈಗ ಏಳರ ವಿಷಯಕ್ಕೆ ಬರೋಣ. ಆ ಲೆಕ್ಕಕ್ಕಿಂತ ಮೊದಲು ನಾನು ಮಕ್ಕಳನ್ನು ಕೇಳುವುದು ಇಷ್ಟೇ: "ಇಂದು ಜುಮಾ. ಇಂದಿನಿಂದ ನೂರನೇ ದಿನ ಯಾವ ವಾರ?" ಯಾರೂ ನೂರು ದಿನ ಎಣಿಸುವುದಿಲ್ಲ. ಏಳು ದಿನಕ್ಕೊಮ್ಮೆ ಜುಮಾ ಮತ್ತೆ ಬರುತ್ತದೆ. 98 ದಿನಕ್ಕೆ ಸರಿಯಾಗಿ ಹದಿನಾಲ್ಕು ವಾರ. ಉಳಿದದ್ದು ಎರಡು ದಿನ. ಶನಿವಾರ, ಭಾನುವಾರ. ಉತ್ತರ ಭಾನುವಾರ. ಇಷ್ಟು ತಿಳಿದ ಮಗುವಿಗೆ ಐವತ್ತು ಏಳುಗಳ ಲೆಕ್ಕವೂ ತಿಳಿದಂತೆಯೇ. ಒಂದು ಏಳು 7. ಎರಡು ಏಳು 49. ಮೂರು ಏಳು 343. ನಾಲ್ಕು ಏಳು 2401. ಕೊನೆಯ ಅಂಕಿಗಳನ್ನು ಮಾತ್ರ ನೋಡಿ: 7, 9, 3, 1. ಐದನೆಯದಕ್ಕೆ ಮತ್ತೆ 7 ಬರುತ್ತದೆ. ವಾರಕ್ಕೆ ಏಳು ದಿನವಿದ್ದಂತೆ ಇಲ್ಲಿ ನಾಲ್ಕರ ಸುತ್ತು. 50ನ್ನು 4ರಿಂದ ಭಾಗಿಸಿದರೆ ಶೇಷ 2. ಸುತ್ತಿನ ಎರಡನೆಯ ಅಂಕಿ 9. ಮುಗಿಯಿತು! 43 ಅಂಕಿಗಳ ಸಂಖ್ಯೆಯ ಬಾಲ ನಮ್ಮ ಕೈಗೆ ಸಿಕ್ಕಿತು, ಅರ್ಧ ನಿಮಿಷವೂ ಆಗಲಿಲ್ಲ.

2ಕ್ಕೂ ಹೀಗೆಯೇ 2, 4, 8, 6 ಎಂಬ ನಾಲ್ಕರ ಸುತ್ತು. 3ಕ್ಕೆ 3, 9, 7, 1. 8ಕ್ಕೆ 8, 4, 2, 6. ನಾಲ್ಕು ಮತ್ತು ಒಂಬತ್ತಕ್ಕೆ ಎರಡರ ಸುತ್ತು. 5 ಮತ್ತು 6 ತಮ್ಮ ಮುಖವನ್ನೇ ಬದಲಿಸುವುದಿಲ್ಲ. ಇದನ್ನು ಬಾಯಿಪಾಠ ಮಾಡಿಸಬೇಡಿ. ಮಗು ತಾನೇ ಗುಣಿಸಿ ಕಂಡುಕೊಳ್ಳಲಿ. ತಾನೇ ಕಂಡುಕೊಂಡದ್ದು ಪರೀಕ್ಷೆಯ ಕೊಠಡಿಯಲ್ಲಿ ಮರೆತುಹೋಗುವುದಿಲ್ಲ.

ಭಾಜ್ಯತೆ ಎಂದರೆ ನಿಶ್ಶೇಷವಾಗಿ ಭಾಗವಾಗುವುದು. 9ರ ನಿಯಮ ಎಲ್ಲ ಮಕ್ಕಳಿಗೂ ಗೊತ್ತು: ಅಂಕಿಗಳನ್ನು ಕೂಡಿಸು, ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. ಆದರೆ ಯಾಕೆ ಎಂದು ಕೇಳಿದರೆ ಮೌನ. ನೋಟುಗಳ ಲೆಕ್ಕದಲ್ಲಿ ಹೇಳಿ ನೋಡಿ. ನೂರು ರೂಪಾಯಿಯನ್ನು ಒಂಬತ್ತು ಮಂದಿಗೆ ಹಂಚಿದರೆ ತಲಾ 11, ಕೈಯಲ್ಲಿ ಒಂದು ರೂಪಾಯಿ ಉಳಿಯುತ್ತದೆ. ಸಾವಿರವನ್ನು ಹಂಚಿದರೆ ತಲಾ 111, ಆಗಲೂ ಒಂದೇ ರೂಪಾಯಿ ಉಳಿಯುತ್ತದೆ. ಹತ್ತನ್ನು ಹಂಚಿದರೂ ಒಂದೇ. ಹಾಗಾದರೆ 4527 ರೂಪಾಯಿಯಲ್ಲಿ ನಾಲ್ಕು ಸಾವಿರದಿಂದ 4, ಐದು ನೂರರಿಂದ 5, ಎರಡು ಹತ್ತರಿಂದ 2, ಬಿಡಿಯಾಗಿ 7 ಉಳಿಯುತ್ತದೆ. ಒಟ್ಟು 18. ಅದನ್ನು ಒಂಬತ್ತು ಮಂದಿಗೆ ತಲಾ ಎರಡರಂತೆ ಕೊಟ್ಟರೆ ಏನೂ ಉಳಿಯುವುದಿಲ್ಲ. ನಿಯಮ ಎಲ್ಲಿಂದ ಬಂತೆಂದು ಈಗ ಮಗುವಿಗೆ ಗೊತ್ತಾಯಿತು. ಇನ್ನು ಅದು ಯಾರ ಮಾತನ್ನೂ ನಂಬಬೇಕಾಗಿಲ್ಲ.

ಗುಂಡ್ಲುಪೇಟೆಯಲ್ಲಿರುವ ನಮಗೆ ಇದನ್ನು ಅಭ್ಯಾಸ ಮಾಡಲು ಪುಸ್ತಕವೇ ಬೇಡ. ಊಟಿಗೂ ವಯನಾಡಿಗೂ ಹೋಗುವ ದಾರಿಗಳು ನಮ್ಮೂರಲ್ಲೇ ಕವಲೊಡೆಯುತ್ತವೆ. ಬಂಡೀಪುರದ ಕಾಡುದಾರಿ 2009ರಿಂದ ರಾತ್ರಿ 9ಕ್ಕೆ ಮುಚ್ಚುತ್ತದೆಯಾದ್ದರಿಂದ ಸಂಜೆ ಹೊತ್ತು ಮೂರು ರಾಜ್ಯಗಳ ವಾಹನಗಳು ಅವಸರದಲ್ಲಿ ಓಡುತ್ತವೆ. ಪಾಠಕ್ಕೆ ನಡೆದು ಬರುವ ಮಕ್ಕಳು ರಸ್ತೆ ಬದಿಯಲ್ಲಿ ನಂಬರ್ ಪ್ಲೇಟ್ ನೋಡಿ ಪಂದ್ಯ ಕಟ್ಟುತ್ತಾರೆ. "9185, ಹನ್ನೊಂದರಿಂದ ಹೋಗುತ್ತದೆ!" ಎಂದು ಒಬ್ಬ ಕೂಗುತ್ತಾನೆ. ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿಸಿ ವ್ಯತ್ಯಾಸ ತೆಗೆಯಬೇಕು. 9 ಮತ್ತು 8 ಸೇರಿ 17, 1 ಮತ್ತು 5 ಸೇರಿ 6. ವ್ಯತ್ಯಾಸ 11. ಸರಿ, ಹೋಗುತ್ತದೆ. ವ್ಯತ್ಯಾಸ ಸೊನ್ನೆಯಾಗಿದ್ದರೂ ಹೋಗುತ್ತಿತ್ತು.

ಇಲ್ಲಿ ಮದ್ರಸಾದ ಮಾತೊಂದನ್ನು ಹೇಳಲೇಬೇಕು. "ದೀನ್‌ನ ಓದು ಬೇರೆ, ಶಾಲೆಯ ಲೆಕ್ಕ ಬೇರೆ" ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ನಾನು ಸಂಖ್ಯೆಗಳ ಸಂಬಂಧವನ್ನು ಕಲಿತದ್ದು ಶಾಲೆಯ ಗಣಿತ ಪುಸ್ತಕದಿಂದಲ್ಲ. ಫರಾಯಿಝ್, ಅಂದರೆ ವಾರೀಸು ಹಂಚಿಕೆಯನ್ನು ಕಲಿಸುವ 'ಸಿರಾಜಿ' ಎಂಬ ಹಳೆಯ ಗ್ರಂಥದಿಂದ. ಯಾವುದೇ ಎರಡು ಸಂಖ್ಯೆಗಳ ನಡುವೆ ನಾಲ್ಕರಲ್ಲಿ ಒಂದು ಸಂಬಂಧವಿರುತ್ತದೆ ಎಂದು ಅದು ಹೇಳುತ್ತದೆ. ಎರಡೂ ಸಮಾನವಾಗಿದ್ದರೆ ತಮಾಸುಲ್. 4 ಮತ್ತು 8ರಂತೆ ಒಂದರೊಳಗೆ ಒಂದು ಸರಿಯಾಗಿ ಹಿಡಿದರೆ ತದಾಖುಲ್. 6 ಮತ್ತು 8ರಂತೆ ಎರಡನ್ನೂ ಭಾಗಿಸುವ ಮೂರನೆಯ ಸಂಖ್ಯೆಯೊಂದಿದ್ದರೆ ತವಾಫುಕ್. 5 ಮತ್ತು 17ರಂತೆ ಒಂದರ ಹೊರತು ಬೇರೇನೂ ಸಾಮಾನ್ಯವಿಲ್ಲದಿದ್ದರೆ ತಬಾಯುನ್. ಶಾಲೆಯ ಲ.ಸಾ.ಅ., ಮ.ಸಾ.ಅ. ಎಂಬುದೆಲ್ಲಾ ಇದರೊಳಗೇ ಇದೆ.

ಒಂದು ಉದಾಹರಣೆ ನೋಡಿ. ಒಬ್ಬರು ಮೂರು ಎಕರೆ ಹೊಲ ಬಿಟ್ಟು ತೀರಿಕೊಂಡರು. ಪತ್ನಿ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ಸಾಲವೂ ಇಲ್ಲ, ವಸಿಯ್ಯತ್ತೂ ಇಲ್ಲ. ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು. 8 ಮತ್ತು 6ರ ನಡುವೆ ತವಾಫುಕ್, ಲ.ಸಾ.ಅ. 24. ಪತ್ನಿಗೆ 3, ತಾಯಿಗೆ 4, ಉಳಿದದ್ದು 17. ಮಕ್ಕಳಿಗೆ ಎರಡು, ಎರಡು, ಒಂದು ಎಂದರೆ ಐದು ಪಾಲು. 17 ಐದರಿಂದ ಭಾಗವಾಗದು. ಅವೆರಡರ ನಡುವೆ ತಬಾಯುನ್. ಆದ್ದರಿಂದ 24ನ್ನು 5ರಿಂದ ಗುಣಿಸಿ 120 ಮಾಡಬೇಕು. ಮೂರು ಎಕರೆ ಎಂದರೆ 120 ಗುಂಟೆಯೇ ಅಲ್ಲವೇ? ಪತ್ನಿಗೆ 15 ಗುಂಟೆ, ತಾಯಿಗೆ 20, ಮಗಳಿಗೆ 17, ಗಂಡುಮಕ್ಕಳಿಗೆ ತಲಾ 34. ಕೂಡಿಸಿ ನೋಡಿ, ಒಂದು ಗುಂಟೆಯೂ ಆಚೀಚೆಯಾಗುವುದಿಲ್ಲ. ಭಾಜ್ಯತೆ ತಿಳಿಯದಿದ್ದರೆ ಮಗಳ 17 ಗುಂಟೆ ಎಲ್ಲಿ ಹೋಗುತ್ತದೆಂದು ನೀವೇ ಊಹಿಸಿ. "ಅಂದಾಜು" ಎಂಬ ಹೆಸರಿನಲ್ಲಿ ಕರಗುವುದು ಸಾಮಾನ್ಯವಾಗಿ ಹೆಣ್ಣಿನ ಪಾಲೇ!

ಈ ನಾಲ್ಕು ಸಂಬಂಧಗಳು ಪರೀಕ್ಷೆಯ ಕೊಠಡಿಯಲ್ಲೂ ಕೈ ಹಿಡಿಯುತ್ತವೆ. 3ರಿಂದಲೂ 4ರಿಂದಲೂ ಭಾಗವಾಗುವ ಸಂಖ್ಯೆ 12ರಿಂದ ಭಾಗವಾಗುತ್ತದೆ. ಹಾಗಾದರೆ 2ರಿಂದಲೂ 6ರಿಂದಲೂ ಭಾಗವಾದರೆ 12ರಿಂದ ಭಾಗವಾಗುತ್ತದೆಯೇ? ಅನೇಕ ಮಕ್ಕಳು ಹೌದೆನ್ನುತ್ತಾರೆ. 18ನ್ನು ನೋಡಿ. 2ರಿಂದ ಹೋಗುತ್ತದೆ, 6ರಿಂದ ಹೋಗುತ್ತದೆ, 12ರಿಂದ ಹೋಗದು. ಯಾಕೆಂದರೆ 2 ಎಂಬುದು 6ರೊಳಗೇ ಇದೆ, ತದಾಖುಲ್. 3 ಮತ್ತು 4ರ ನಡುವೆ ಇರುವುದು ತಬಾಯುನ್.

ಇದೆಲ್ಲಾ ನಮಗೆ ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಭಾರತದ ಅಂಕಿಗಳ ಬಗ್ಗೆ ಬರೆದರು. ಇಂದಿನ 'ಅಲ್ಗಾರಿದಮ್' ಎಂಬ ಪದ ಅವರ ಹೆಸರಿನಿಂದಲೇ ಬಂದದ್ದು. ಅದೇ ಶತಮಾನದಲ್ಲಿ ನಮ್ಮ ಕನ್ನಡ ನಾಡಿನ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. ನೂರು ವರ್ಷದ ನಂತರ, 952ರ ಸುಮಾರಿಗೆ, ಡಮಾಸ್ಕಸ್‌ನಲ್ಲಿ ಅಲ್ ಉಕ್ಲೀದಿಸಿ ಎಂಬವರು ಭಾರತದ ಲೆಕ್ಕವನ್ನು ಧೂಳಿನ ಹಲಗೆಯ ಬದಲು ಕಾಗದ, ಮಸಿಯಲ್ಲಿ ಮಾಡುವುದನ್ನು ಕಲಿಸುವ ಗ್ರಂಥ ಬರೆದರು. ಅದಾದ ಮೇಲೆ ಬಂದ ಇಬ್ನುಲ್ ಹೈಸಮ್ ಒಂದು ಸಮಸ್ಯೆ ಒಡ್ಡಿದರು: 2, 3, 4, 5, 6 ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯಬೇಕು, 7ರಿಂದ ಮಾತ್ರ ನಿಶ್ಶೇಷವಾಗಿ ಹೋಗಬೇಕು. ಆ ಸಂಖ್ಯೆ ಯಾವುದು? ಮೊದಲ ಐದರ ಲ.ಸಾ.ಅ. 60. ಆದ್ದರಿಂದ 61, 121, 181, 241, 301 ಎಂದು ನೋಡುತ್ತಾ ಹೋಗಿ. 301 ಏಳರಿಂದ ಭಾಗವಾಗುತ್ತದೆ, 43 ಸಲ. ಸಾವಿರ ವರ್ಷದ ಹಿಂದಿನ ಈ ಪ್ರಶ್ನೆಯ ರೂಪ ಇಂದಿನ ಪರೀಕ್ಷೆಯ ಹಾಳೆಗಳಲ್ಲೂ ಕಾಣುತ್ತದೆ. ಬುಟ್ಟಿಯಲ್ಲಿ ಮೊಟ್ಟೆಗಳಿವೆ, ಎರಡೆರಡು ತೆಗೆದರೆ ಒಂದು ಉಳಿಯುತ್ತದೆ ಎಂಬ ಕತೆಯ ವೇಷದಲ್ಲಿ!

ಘಾತಗಳ ವಿಷಯದಲ್ಲಿ ಮಕ್ಕಳು ಜಾರುವ ಜಾಗಗಳು ಮೂರು. ಮನೆಯಲ್ಲಿ ನೀವೇ ಕೇಳಿ ನೋಡಿ. ಮೊದಲನೆಯದು: ಎರಡರ ಘಾತ 5ಕ್ಕೆ ಎರಡರ ಘಾತ 5ನ್ನು ಕೂಡಿಸಿದರೆ ಎಷ್ಟು? "ಎರಡರ ಘಾತ 10" ಎಂದು ಥಟ್ಟನೆ ಹೇಳುತ್ತಾರೆ. 32 ಮತ್ತು 32 ಕೂಡಿದರೆ 64, ಅದು ಎರಡರ ಘಾತ 6 ಮಾತ್ರ. ಗುಣಿಸುವಾಗ ಘಾತಸೂಚಿಗಳು ಕೂಡುತ್ತವೆ, ಕೂಡುವಾಗ ಅಲ್ಲ. ಎರಡನೆಯದು: ಎರಡರ ಘಾತ 0 ಎಷ್ಟು? "ಸೊನ್ನೆ" ಎನ್ನುತ್ತಾರೆ. 8, 4, 2 ಎಂದು ಪ್ರತಿ ಹೆಜ್ಜೆಗೂ ಅರ್ಧ ಮಾಡುತ್ತಾ ಬನ್ನಿ, ಮುಂದಿನದ್ದು 1. ಮೂರನೆಯದು: ಮೂರರ ಘಾತ 10, ಮೂರರ ಘಾತ 9, ಮೂರರ ಘಾತ 8, ಇವುಗಳ ಮೊತ್ತ 5, 7, 11, 13ರಲ್ಲಿ ಯಾವುದರಿಂದ ಭಾಗವಾಗುತ್ತದೆ? ಗುಣಿಸಲು ಹೊರಟವರಿಗೆ ನಿಮಿಷ ಮುಗಿಯುತ್ತದೆ. ಮೂರರಲ್ಲೂ ಇರುವ ಮೂರರ ಘಾತ 8ನ್ನು ಹೊರಗೆ ತೆಗೆದರೆ ಒಳಗೆ ಉಳಿಯುವುದು 9, 3, 1. ಮೊತ್ತ 13. ಉತ್ತರ ಕಣ್ಣೆದುರೇ ಇದೆ.

ಇಷ್ಟೆಲ್ಲಾ ಕಲಿಸಿದರೆ ಎಲ್ಲರೂ ಆಯ್ಕೆಯಾಗುತ್ತಾರೆಯೇ? ಇಲ್ಲ. ಸುಳ್ಳು ಭರವಸೆ ಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ದೇಶಕ್ಕೆಲ್ಲಾ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ, ಬರೆಯುವವರು ಅದಕ್ಕಿಂತ ಬಹಳ ಹೆಚ್ಚು. ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ತಂದೆ ತಾಯಿ ಗುತ್ತಿಗೆಗೆ ಹಿಡಿದ ತುಂಡು ನೆಲದಲ್ಲಿ ಚೆಂಡು ಹೂ ಬೆಳೆಯುತ್ತಿದ್ದರು. ಅಕ್ಕ ಎಂಟನೆಯದಕ್ಕೇ ಶಾಲೆ ಬಿಟ್ಟಿದ್ದಳು. ಇವಳಿಗೂ ಅದೇ ಎಂದು ತಂದೆ ತೀರ್ಮಾನಿಸಿದ್ದರು. ವಿದ್ಯಾರ್ಥಿವೇತನ ಬಂದರೆ ಓದಿಸುವುದು, ಇಲ್ಲದಿದ್ದರೆ ಇಲ್ಲ ಎಂಬ ಮಾತಾಗಿತ್ತು. ಪರೀಕ್ಷೆ ಬರೆದಳು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಆ ವಾರ ಹೂ ಮಾರಿದ ಚೀಟಿ ಮನೆಗೆ ಬಂತು. 37 ಕಿಲೋ, ಕಿಲೋಗೆ 28 ರೂಪಾಯಿ, ಒಟ್ಟು 963 ಎಂದು ಬರೆದಿತ್ತು. ಹುಡುಗಿ ಗುಣಿಸುವ ಮೊದಲೇ ಹೇಳಿದಳು, "ಅಬ್ಬಾ, ಇದು ತಪ್ಪು. 28 ಸಮಸಂಖ್ಯೆ. ಅದನ್ನು ಯಾವುದರಿಂದ ಗುಣಿಸಿದರೂ ಬೆಸ ಸಂಖ್ಯೆ ಬರುವುದಿಲ್ಲ. ಏಳೆಂಟಲ ಐವತ್ತಾರು, ಕೊನೆಗೆ 6 ಇರಲೇಬೇಕು." ಆಮೇಲೆ ಗುಣಿಸಿ 1036 ಎಂದು ತೋರಿಸಿದಳು. ವ್ಯಾಪಾರಿ ಚೀಟಿ ನೋಡಿ, ಬರೆಯುವಾಗ ಕಣ್ತಪ್ಪಾಗಿದೆ ಎಂದು ಉಳಿದ 73 ರೂಪಾಯಿ ಕೊಟ್ಟರಂತೆ. ಇದನ್ನು ನನಗೆ ಹೇಳಿದ್ದು ಅವಳ ತಾಯಿ. "ಹಜರತ್, ಎಪ್ಪತ್ಮೂರು ರೂಪಾಯಿ ದೊಡ್ಡದಲ್ಲ. ಅವರು ಆ ರಾತ್ರಿ ಚೀಟಿಗಳನ್ನೆಲ್ಲಾ ತೆಗೆದು ಅವಳ ಮುಂದಿಟ್ಟರು" ಎಂದರು. ಜೂನ್‌ನಲ್ಲಿ ಆ ತಂದೆಯೇ ಮಗಳನ್ನು ಕರೆದುಕೊಂಡು ಹೋಗಿ ಒಂಬತ್ತನೆಯದಕ್ಕೆ ಸೇರಿಸಿದರು. ಹಣವಿಲ್ಲದೆ ಸುಲಭವಾಗಿರಲಿಲ್ಲ. ಬಸ್ ಪಾಸ್‌ಗೂ ಪುಸ್ತಕಕ್ಕೂ ತಾಯಿ ಹೊಲಿಗೆಯಿಂದ ಹೊಂದಿಸಿದರು. ಇಂದು ಆಕೆ ಪಿಯುಸಿಯಲ್ಲಿದ್ದಾಳೆ.

ಆದ್ದರಿಂದ ಪರೀಕ್ಷೆ ಬರೆಸಿ, ಆದರೆ ಮಗಳ ಶಾಲೆಯನ್ನು ಪರೀಕ್ಷೆಯ ಫಲಿತಾಂಶಕ್ಕೆ ಕಟ್ಟಿಹಾಕಬೇಡಿ. ವಿದ್ಯಾರ್ಥಿವೇತನ ಸಿಕ್ಕಿದರೆ ಅಲ್‌ಹಮ್ದುಲಿಲ್ಲಾಹ್. ಸಿಗದಿದ್ದರೂ ಕಲಿತದ್ದು ಕೈಬಿಡುವುದಿಲ್ಲ.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಅರ್ಜಿಯನ್ನು ಶಾಲೆಯ ಮೂಲಕವೇ ಹಾಕಬೇಕು. ಆದಾಯ ಪ್ರಮಾಣಪತ್ರ ಕೊನೆಯ ವಾರದಲ್ಲಿ ಸಿಗುವುದಿಲ್ಲ, ಮೊದಲೇ ಮಾಡಿಸಿಡಿ. ಆ ವರ್ಷದ ನಿಯಮ, ದಿನಾಂಕಗಳನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನಾಲ್ಕು ಉತ್ತರಗಳಲ್ಲಿ ಸಮ-ಬೆಸ, ಕೊನೆಯ ಅಂಕಿ, ಅಂಕಿಗಳ ಮೊತ್ತ ನೋಡಿದರೆ ಎರಡನ್ನಾದರೂ ಹೊಡೆದುಹಾಕಬಹುದು. ಎರಡು ನಿಮಿಷ ಕಳೆದರೂ ಬಗೆಹರಿಯದ ಪ್ರಶ್ನೆಯನ್ನು ದಾಟಿ ಮುಂದೆ ಹೋಗಲಿ, ಕೊನೆಯಲ್ಲಿ ಮತ್ತೆ ಬರಲಿ. ನಿಮ್ಮ ಮಗು ಇನ್ನೂ ಐದನೇ ತರಗತಿಯಲ್ಲಿದ್ದರೆ ಹೊಂಡರಬಾಳುವಿನಲ್ಲಿರುವ ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಯ ಬಗ್ಗೆಯೂ ವಿಚಾರಿಸಿ. ಅಲ್ಲಿನ 80 ಪ್ರಶ್ನೆಗಳಲ್ಲಿ 20 ಅಂಕಗಣಿತದ್ದು, ಅವುಗಳಲ್ಲಿ ಭಾಜ್ಯತೆಗೂ ಪಾಲಿದೆ.

ತಾಯಂದಿರೇ, "ನನಗೆ ಲೆಕ್ಕ ಬರುವುದಿಲ್ಲ" ಎಂದು ಮಕ್ಕಳ ಮುಂದೆ ಹೇಳಬೇಡಿ. ಒಂದು ಸೇರು ಅಕ್ಕಿಯನ್ನು ತಿಂಗಳ ದಿನಗಳಿಗೆ ಹಂಚಿ, ನೆಂಟರು ಬಂದಾಗ ಇನ್ನೊಮ್ಮೆ ಹಂಚಿ, ಉಳಿದದ್ದರಲ್ಲಿ ನೆರೆಮನೆಗೂ ಕೊಡುವ ನಿಮಗಿಂತ ಶೇಷವನ್ನು ಬಲ್ಲವರು ಯಾರಿದ್ದಾರೆ? ಇಂದು ರಾತ್ರಿ ಊಟವಾದ ಮೇಲೆ ಮಗುವಿನ ಪಕ್ಕ ಹತ್ತು ನಿಮಿಷ ಕುಳಿತು ಈ ಒಂದು ಪ್ರಶ್ನೆ ಕೇಳಿ: ಎರಡರ ಘಾತ 30 ದೊಡ್ಡದೋ, ಮೂರರ ಘಾತ 20 ದೊಡ್ಡದೋ? ಉತ್ತರವನ್ನು ನಾನು ಹೇಳುವುದಿಲ್ಲ. ಎರಡರ ಘಾತ 3 ಎಂದರೆ 8, ಮೂರರ ಘಾತ 2 ಎಂದರೆ 9 ಎಂಬುದನ್ನು ಮಾತ್ರ ನೆನಪಿಸಿ. ಮುಂದಿನದನ್ನು ಮಗು ನಿಮಗೆ ಹೇಳಿಕೊಡಲಿ.